ಗಿರಣಿ ಪಕ್ಕದ ಲಿನಕ್ಸ್ ಕನ್ನಡಿ

ಖುಷಿಯಾದಾಗ ನನಗೆ ಕೂತಲ್ಲಿ ಕೂಡಲಾಗುವುದಿಲ್ಲ. ಎದ್ದು ನಿಂತು ಕೈಗೆ ಸಿಕ್ಕ ಬಟ್ಟೆ ಮಡಚುತ್ತೇನೆ. ಸಿಂಧನೂರಿನ ನಮ್ಮ ಕಂಪ್ಯೂಟರ್ ಕೇಂದ್ರದಲ್ಲಿ ಒಂದು ಭಾನುವಾರ ಧೂಳು ಒರೆಸುವ ಅರಿವೆಯನ್ನೇ ಮಡಚಿದ್ದೂ ಮಡಚಿದ್ದೇ. ಅವತ್ತು ನಾವು 'ಕನ್ನಡಿ' ಕೂಡಿಸಿದೆವು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಟೈಪಿಂಗ್ ಕಲಿಸುತ್ತಿದ್ದ ನಾನೂ, ಮಸ್ಕಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಗೆಳತಿ ಸಾವಿತ್ರಿಯೂ ಸೇರಿ ಅಕ್ಕಿ ಗಿರಣಿಗೆ ಅಂಟಿಕೊಂಡ ಕೋಣೆಯಲ್ಲಿ ಕೇಂದ್ರ ತೆರೆದಿದ್ದೆವು. ಕೋಣೆ ಸಿಕ್ಕ ಸಂಭ್ರಮದಲ್ಲಿ ತೌಡಿನ ಧೂಳಿನ ಕಡೆ ಗಮನವೇ ಹೋಗಲಿಲ್ಲ. ಅದು ನಮ್ಮ ತಲೆಗೂದಲಿಗೂ ಚಹಾಕ್ಕೂ ಬಿದ್ದು, ಕೊನೆಗೆ ಇದ್ದೊಂದು ಸಿ.ಡಿ. ಡ್ರೈವಿನ ಎದೆಗೂ ಇಳಿಯಿತು. ಸಿ.ಡಿ. ಹಾಕಿದರೆ ದಮ್ಮಿನವರು ಕೆಮ್ಮಿದಂತೆ ಸದ್ದು. ಸೋಮವಾರ ಹುಡುಗಿಯರ ಮೊದಲ ತಂಡ ಬರಲಿತ್ತು. ಲಿನಕ್ಸ್ ಕಲಿಸುತ್ತೇವೆಂದು ಊರಿಗೆಲ್ಲ ಸಾರಿದ್ದೆವು. ನಾಲ್ಕು ಕಂಪ್ಯೂಟರುಗಳೂ ಇನ್ನೂ ಖಾಲಿ.

ಕಂಪ್ಯೂಟರ್ ನಡೆಸುವ ಈ ಲಿನಕ್ಸ್ ತಂತ್ರಾಂಶ ಎಂದರೆ ಒಂದು ಗಂಟಲ್ಲ, ನೂರಾರು ಗಂಟು. ಪ್ಯಾಕೇಜ್ ಎನ್ನುತ್ತಾರೆ. ಬೀಗರನ್ನು ಊಟಕ್ಕೆ ಕರೆದ ಹಾಗೆ, ಒಂದು ಬೇಕೆಂದರೆ ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು ಬರಬೇಕು. ನಮ್ಮ ಫೋನ್ ಲೈನಿನಲ್ಲಿ ಅವನ್ನೆಲ್ಲ ಇಳಿಸುವುದು ಆಗದ ಮಾತು. ಲಿಂಗಸೂಗೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಬಸವರಾಜ ಸರ್ ಹತ್ತಿರ ಲಿನಕ್ಸ್ ಸಿ.ಡಿ.ಗಳ ಪೂರಾ ಕಟ್ಟೇ ಇತ್ತು. ಕೇಳಿದ್ದಕ್ಕೆ ಪಾಪ, ತಾವೇ ಹೊತ್ತು ತಂದರು. ಡ್ರೈವಿನ ಕೆಮ್ಮು ಕೇಳಿ ಅವರ ಮುಖ ಸಣ್ಣದಾಯಿತು.

"ಅಲ್ರೀ, ಇದು ಒಂದು ಕಂಪ್ಯೂಟರಿಗೇ ಬಾಳಿಕಿ ಬರಂಗಿಲ್ಲ. ನಾಕಕ್ಕೂ ಹೆಂಗ ಹಾಕ್ತೀರಿ?"

"ಒಂದಕ್ಕ ಹಾಕೂಣ್ರಿ ಸರ್," ಎಂದಳು ಸಾವಿತ್ರಿ. "ಎಲ್ಲಾ ಪ್ಯಾಕೇಜ್ ಅದರಾಗ ತುಂಬಿಡೂಣ. ಉಳಿದ ಮೂರೂ ವೈರ್ ಮ್ಯಾಲೆ ಅದರಿಂದನ ತೊಗೊಳ್ಳಿ. ಇದಕ್ಕ ಮಿರರ್, ಅಂದ್ರ ಕನ್ನಡಿ, ಅಂತಾರಂತ."

ಅಷ್ಟು ಹೊತ್ತಾದರೂ ಡ್ರೈವು ಬದುಕಬೇಕಲ್ಲ! ನಾನು ಗಿರಣಿಯ ವೀರಭದ್ರಪ್ಪ ಕಾಕಾನ ಮುಂದೆ ನಿಂತೆ.

"ಕಾಕಾ, ಮಧ್ಯಾಹ್ನ ಗಿರಣಿ ಬಂದ್ ಇಡ್ತೀರೇನ್ರಿ? ಕನ್ನಡಿ ಕೂಡ್ಸಾಕತ್ತೀವಿ."

"ಕನ್ನಡಿ ಕೂಡ್ಸಾಕ ಗಿರಣಿ ಯಾಕವಾ ನಿಲ್ಲಸಬೇಕು? ಸಪ್ಪಳಕ್ಕ ಒಡೀತೈತೇನು?"

ತೌಡಿನ ಧೂಳು ಡ್ರೈವಿಗೆ ಆಗದೆಂದೂ, ಕನ್ನಡಿ ಎಂದರೆ ಏನೆಂದೂ ಬಿಡಿಸಿ ಹೇಳಿದೆ. "ಹಂಗಂದ್ರ ಗೋದಾಮು ಅನ್ನು," ಎಂದು ನಕ್ಕು ಮೋಟರ್ ಆಫ್ ಮಾಡಿಸಿದರು. ಸದಾ ಗುಡುಗುವ ಗೋಡೆ ಸುಮ್ಮನಾಗಿ, ಇಡೀ ಓಣಿಯಲ್ಲಿ ನಮ್ಮ ಡ್ರೈವಿನ ಕೆಮ್ಮೊಂದೇ ಕೇಳತೊಡಗಿತು. ಸಾವಿತ್ರಿ ಕಿಟಕಿಗೆ ಒದ್ದೆ ಚಾದರ ಕಟ್ಟಿದಳು. ಒಂದು ಸಿ.ಡಿ. ಇಳಿಯಿತು, ಇನ್ನೊಂದು ಇಳಿಯಿತು. ಕೊನೆಯದು ಅರ್ಧಕ್ಕೆ ನಿಂತಿತು. ಸಾವಿತ್ರಿ ಡ್ರೈವ್ ಬಿಚ್ಚಿ, ಕಣ್ಣಿಗೆ ಮದ್ದು ಹಾಕುವಷ್ಟು ನಾಜೂಕಾಗಿ ಅದರ ಮಸೂರವನ್ನು ಹತ್ತಿಯಿಂದ ಒರೆಸಿ ಮತ್ತೆ ಕೂಡಿಸಿದಳು. ಅದು ಪೂರ್ತಿ ಓದಿ ಕೊಟ್ಟು, ಕಟ್ ಎಂದು ಕಾಯಂ ಕಣ್ಣು ಮುಚ್ಚಿತು.

ಅಳುವ ಪುರುಸೊತ್ತಿರಲಿಲ್ಲ. ಎರಡನೆಯ ಕಂಪ್ಯೂಟರಿಗೆ ಫ್ಲಾಪಿ ಹಾಕಿ ಎಬ್ಬಿಸಿದೆವು. ವೈರಿನ ತುದಿಯ ಹಸಿರು ದೀಪ ಪಟಪಟ ಮಿನುಗಿತು. ಪ್ಯಾಕೇಜುಗಳ ಹೆಸರು ಪರದೆಯ ಮೇಲೆ ಒಂದರ ಹಿಂದೊಂದು ಓಡತೊಡಗಿದವು! ಅಲ್ಲಿತನಕ ಅನುಮಾನಿಸಿದ್ದ ಬಸವರಾಜ ಸರ್, ಕಂಡಕ್ಟರು ಊರ ಹೆಸರು ಕೂಗುವಂತೆ, ಒಂದೊಂದನ್ನೂ ಗಟ್ಟಿಯಾಗಿ ಓದಿದರು. ಬಾಗಿಲಲ್ಲಿ ನಿಂತ ಕಾಕಾ, "ಬಂತೇನವಾ ಮಾಲು?" ಎಂದರು. ಬಂದಿತ್ತು. ನಾಲ್ಕಕ್ಕೂ ಬಂದಿತ್ತು. ನಾನು ಅರಿವೆ ಮಡಚಿದ್ದು ಆಗಲೇ. ಮರುದಿನ ಬಂದ ಹುಡುಗಿಯರು ಕೀಲಿಮಣೆ ಮುಟ್ಟಿದಾಗ ನಾಲ್ಕೂ ಪರದೆ ಬೆಳಗುತ್ತಿದ್ದವು.

ಬೇಸಿಗೆಯಲ್ಲಿ ಬಸವರಾಜ ಸರ್ ಮತ್ತೆ ಬಂದರು. ಕಿಟಕಿಯಲ್ಲಿಟ್ಟ ಅವರ ಸಿ.ಡಿ.ಗಳು ಲಿಂಗಸೂಗೂರಿನ ಬಿಸಿಲಿಗೆ ಹಪ್ಪಳದಂತೆ ಡೊಂಕಾಗಿದ್ದವಂತೆ. ನಮ್ಮ ಕನ್ನಡಿಯಲ್ಲಿದ್ದದ್ದನ್ನೆಲ್ಲ ಅವರು ತಂದಿದ್ದ ಹಾರ್ಡ್ ಡಿಸ್ಕಿಗೆ ತುಂಬಿಕೊಟ್ಟೆವು. ಅವರು ಮರಳಿ ಹೊರಟ ಬಸ್ಸನ್ನೇ ಮಸ್ಕಿಗೆ ಹೋಗುವ ಸಾವಿತ್ರಿಯೂ ಹತ್ತಿದ್ದಳು; ಮುಂದಿನದು ಅವಳು ಹೇಳಿದ್ದು. ದಾರಿಯ ತಗ್ಗುಗಳಿಗೆ ಡಿಸ್ಕು ಕುಲುಕಬಾರದೆಂದು ಸರ್ ಅದನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಅವಚಿಕೊಂಡಿದ್ದರಂತೆ. ಪಕ್ಕದ ರೈತ, "ಏನ್ರಿ ಅದು, ಅಷ್ಟು ಜ್ವಾಪಾನ?" ಎಂದು ಕೇಳಿದನಂತೆ.

"ಬೀಜ."

"ನಮ್ಮ ಕಡೆ ಬೆಳೀತಾವೇನ್ರಿ?"

"ಸಿಂಧನೂರಾಗ ಬೆಳದಾವ," ಎಂದರಂತೆ ಸರ್, ಗಂಟನ್ನು ಇನ್ನಷ್ಟು ಬಿಗಿ ಹಿಡಿದು. "ಈಗ ನಮ್ಮೂರಾಗ ಹಚ್ಚಿ ನೋಡಬೇಕು."