ಕರ್ಚಿಕಾಯಿ ಡಬ್ಬಿಯ ಕೆಳಗಿನ ಲಕೋಟೆ

ಕಳೆದ ಶನಿವಾರ ಹಳೆಯ ಕಾರನ್ನು ಮಾರುವುದಕ್ಕೆಂದು ಒಳಗೆಲ್ಲ ಒರೆಸುತ್ತಿದ್ದೆ. ಗ್ಲವ್ ಬಾಕ್ಸಿನಲ್ಲಿ ಇನ್ಶೂರೆನ್ಸ್ ಕಾಗದ, ಒಣಗಿದ ಪೆನ್ನು, ಕರಗಿ ಅಂಟಿಕೊಂಡ ಪೆಪ್ಪರ್‌ಮಿಂಟು... ಎಲ್ಲದರ ಅಡಿಯಲ್ಲಿ ಹಸಿರು ಬಣ್ಣದ ಒಂದು ಪ್ಲಾಸ್ಟಿಕ್ ಕಾರ್ಡು. ಕಾರಿನ ಕನ್ನಡಿಗೆ ನೇತುಹಾಕುವಂಥದ್ದು. ಮಗಳ ಕಮ್ಯುನಿಟಿ ಕಾಲೇಜಿನ ಪಾರ್ಕಿಂಗ್ ಪರ್ಮಿಟ್. ಬಿಸಿಲಿಗೆ ಕಾದ ಆ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರು ಮನೆಯ ಅಕ್ಕ ನೆನಪಾದರು. ಅವರ ಹಿಂದೆಯೇ ಕೋಪವೂ ಬಂತು. ಒರೆಸುವ ಬಟ್ಟೆಯನ್ನು ಸೀಟಿನ ಮೇಲೆ ಎಸೆದೆ.

ಆ ಪರ್ಮಿಟ್ಟು ಕನ್ನಡಿಯಲ್ಲಿ ತೂಗಾಡುತ್ತಿದ್ದದ್ದು ಕಾಲೇಜಿನಲ್ಲಿ ಮಾತ್ರ. ಈ ಪರದೇಶದಲ್ಲಿ ನಾವು ನೆಲೆಸಿರುವ ಸೆಂಟರ್‌ವಿಲ್ ಊರಿನ ನಮ್ಮ ಬೀದಿಗೆ ತಿರುಗುವ ಮೊದಲು ಸ್ಟಾಪ್ ಬೋರ್ಡಿನ ಹತ್ತಿರ ಕಾರು ನಿಲ್ಲಿಸಿ, ಅದನ್ನು ತೆಗೆದು ಗ್ಲವ್ ಬಾಕ್ಸಿಗೆ ತುರುಕಬೇಕೆಂಬುದು ನಮ್ಮ ಮನೆಯ ನಿಯಮವಾಗಿತ್ತು. ನಿಯಮ ಮಾಡಿದವಳು ನಾನು. ಮಗಳು ಮೊದಮೊದಲು ನಗುತ್ತಿದ್ದಳು. ಆಮೇಲೆ ನಗುವುದನ್ನು ಬಿಟ್ಟು ಸುಮ್ಮನೆ ತೆಗೆಯತೊಡಗಿದಳು.

2021ರ ಮಾತು. ಮಗಳು ಹೈಸ್ಕೂಲು ಮುಗಿಸಿದ್ದಳು. ಅವಳಿಗೆ ಬೇಕಾಗಿದ್ದದ್ದು ಸಿವಿಲ್ ಎಂಜಿನಿಯರಿಂಗ್. ಚಿಕ್ಕವಳಿದ್ದಾಗ ಬೆಲ್ಟ್‌ವೇ ಟ್ರಾಫಿಕ್ಕಿನಲ್ಲಿ ನಾವೆಲ್ಲ ಗೊಣಗುತ್ತಿದ್ದರೆ, ಪೊಟೊಮ್ಯಾಕ್ ನದಿಯ ಸೇತುವೆಯ ಕಂಬಗಳನ್ನು ಎಣಿಸುತ್ತ ಖುಷಿಯಾಗಿ ಕೂತಿರುತ್ತಿದ್ದ ಹುಡುಗಿ. ನಮ್ಮ ರಾಜ್ಯದ ದೊಡ್ಡ ಯೂನಿವರ್ಸಿಟಿಗೆ ಅರ್ಜಿ ಹಾಕಿದಳು, ಸೀಟು ಸಿಗಲಿಲ್ಲ. ಅತ್ತು ಕರೆದು ಮಾಡದೆ ತಾನೇ ದಾರಿ ಹುಡುಕಿಕೊಂಡಳು. ಅರ್ಜಿ ಹಾಕಿದವರಿಗೆಲ್ಲ ಸೀಟು ಕೊಡುವ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ, ಆಮೇಲೆ ಅದೇ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್. ಇಲ್ಲಿ ಸಾವಿರಾರು ಮಕ್ಕಳು ಮಾಡುವುದೇ ಅದು, ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇರಲಿಲ್ಲ. ನಾಚಿಕೆ ಪಟ್ಟವಳು ನಾನೊಬ್ಬಳೇ.

ನಮ್ಮ ಕನ್ನಡದವರ ಊಟದ ಮನೆಗಳನ್ನು ನೋಡಿದವರಿಗೆ ಗೊತ್ತು. ಬಿಸಿಬೇಳೆಬಾತ್ ಬಡಿಸಿಕೊಳ್ಳುವ ಸಾಲಿನಲ್ಲೇ ವಿಚಾರಣೆ ಶುರುವಾಗುತ್ತದೆ. "ಮಗಳು ಎಲ್ಲಿ ಓದ್ತಿದಾಳೆ?" ನನ್ನ ಉತ್ತರ ಸಿದ್ಧವಿತ್ತು. "ಇಲ್ಲೇ, ಇನ್‌ಸ್ಟೇಟ್. ಸದ್ಯಕ್ಕೆ ಆನ್‌ಲೈನ್." ಕೋವಿಡ್ ಇನ್ನೂ ಪೂರ್ತಿ ಹೋಗಿರಲಿಲ್ಲ, ಕೆಲವು ಮಕ್ಕಳು ಮನೆಯಿಂದಲೇ ಓದುತ್ತಿದ್ದರು, ಹಾಗಾಗಿ ಸುಳ್ಳು ಸಲೀಸಾಗಿ ದಾಟಿತು. ಅವರು ಆ ದೊಡ್ಡ ಯೂನಿವರ್ಸಿಟಿಯ ಹೆಸರನ್ನೇ ಊಹಿಸಿಕೊಂಡು ತಲೆಯಾಡಿಸುತ್ತಿದ್ದರು, ನಾನು ಅವರ ಊಹೆಯನ್ನು ತಿದ್ದುತ್ತಿರಲಿಲ್ಲ. ಆ ತಟ್ಟೆ ಹಿಡಿದು ನಿಂತ ನನ್ನನ್ನು ಈಗ ನೆನೆಸಿಕೊಂಡರೆ ಕಪಾಳಕ್ಕೆ ಬಾರಿಸಬೇಕು ಅನ್ನಿಸುತ್ತದೆ.

ಎದುರು ಮನೆಯ ಅಕ್ಕ ಧಾರವಾಡದ ಕಡೆಯವರು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಅದೇ ಕಮ್ಯುನಿಟಿ ಕಾಲೇಜಿನಲ್ಲಿ ಅವರು ಟ್ರಾನ್ಸ್‌ಫರ್ ಅಡ್ವೈಸರ್. ಯಾವ ವಿದ್ಯಾರ್ಥಿ ಯಾವ ಯೂನಿವರ್ಸಿಟಿಗೆ ಹೋಗಬೇಕಾದರೆ ಏನೇನು ಮಾಡಬೇಕು, ಯಾವ ಕಾಗದ ಯಾವಾಗ ಕೊಡಬೇಕು ಎಂದು ಹೇಳುವ ಕೆಲಸ. ಆಫೀಸಿನಲ್ಲಿ ಮಾಡಿದ್ದು ಸಾಲದು ಎಂಬಂತೆ ಬೇಸಿಗೆಯಲ್ಲಿ ಗ್ಯಾರೇಜಿನ ಬಾಗಿಲು ತೆರೆದು, ಮಡಚುವ ಮೇಜು ಹಾಕಿ ಕೂರುತ್ತಿದ್ದರು. ಕೊರಿಯಾದ ಮಕ್ಕಳು, ಎಲ್ ಸಾಲ್ವಡೋರಿನ ಮಕ್ಕಳು, ಆಂಧ್ರದ ಮಕ್ಕಳು, ಬೀದಿಯವರೆಲ್ಲ ಅಲ್ಲಿಗೆ ಬರುತ್ತಿದ್ದರು. ಫಾರ್ಮಿನ ಮೇಲೆ ಸ್ಟೀಲಿನ ಅಡಿಪಟ್ಟಿ ಇಟ್ಟು ಒಂದೊಂದೇ ಸಾಲು ಗಟ್ಟಿಯಾಗಿ ಓದಿಸುತ್ತಿದ್ದರು. ಓದಿ ಮುಗಿಯುವವರೆಗೆ ಪಟ್ಟಿ ಕೆಳಗೆ ಜರುಗುತ್ತಿರಲಿಲ್ಲ. ಮಾತು ಒರಟು. ಕಸದ ಡಬ್ಬ ತಪ್ಪು ದಿನ ಹೊರಗಿಟ್ಟರೆ ಯಾರನ್ನೂ ಬಿಡುತ್ತಿರಲಿಲ್ಲ. ಆದರೆ ಒಬ್ಬರ ಮನೆಯ ಸುದ್ದಿಯನ್ನು ಇನ್ನೊಬ್ಬರಿಗೆ ಹೇಳಿದ್ದನ್ನು ನಾನು ಕೇಳಿದ್ದಿಲ್ಲ... ಒಂದು ದಿನವೂ ಇಲ್ಲ.

ಕೇಳಿಲ್ಲದಿದ್ದರೂ ನಾನು ಮಗಳಿಗೆ ಹೇಳಿದ್ದು ಇದು: "ಆ ಆಂಟಿ ಹತ್ರ ಮಾತ್ರ ಹೋಗ್ಬೇಡ. ಅವರಿಗೆ ಗೊತ್ತಾದ್ರೆ ಇಡೀ ಸೆಂಟರ್‌ವಿಲ್‌ಗೆ ಗೊತ್ತಾಗತ್ತೆ."

"ಅಮ್ಮಾ, ಶೀ ಈಸ್ ಮೈ ಅಡ್ವೈಸರ್! ಎಂಜಿನಿಯರಿಂಗ್‌ಗೆ ಆಂಟೀನೇ ಇರೋದು."

"ವೆಬ್‌ಸೈಟಲ್ಲಿ ಎಲ್ಲಾ ಇರತ್ತೆ. ಓದ್ಕೋ."

ಕಾಲೇಜಿನಿಂದ ದಿನಕ್ಕೆ ಹತ್ತು ಇಮೇಲ್ ಬರುತ್ತಿದ್ದವು. ಯಾವುದು ಮುಖ್ಯ, ಯಾವುದು ಅಲ್ಲ ಎಂದು ಹೇಳುವವರು ಬೇಕಿತ್ತು. ಹದಿನೆಂಟರ ಹುಡುಗಿ ಓದಿದಳು, ತಿಳಿದಷ್ಟು ತಿಳಿದುಕೊಂಡಳು. ತಿಳಿಯದೆ ಹೋದದ್ದು ಒಂದೇ ಒಂದು. ಒಳ್ಳೆಯ ಅಂಕ ಬಂದರೆ ಸೀಟು ಖಾತ್ರಿ ಎಂಬ ಒಪ್ಪಂದ ಕಾಲೇಜಿಗೂ ಯೂನಿವರ್ಸಿಟಿಗೂ ಇತ್ತು. ಆದರೆ ಅದು ಬೇಕಾದವರು ಮೊದಲ ವರ್ಷ ಮುಗಿಯುವುದರೊಳಗೆ ಒಂದು ಪುಟದ ಪತ್ರಕ್ಕೆ ಸಹಿ ಹಾಕಿ ಕೊಟ್ಟಿರಬೇಕಿತ್ತು. ಅರ್ಜಿ ಬೇರೆ, ಆ ಪತ್ರವೇ ಬೇರೆ. ನಾವು ಎರಡೂ ಒಂದೇ ಅಂದುಕೊಂಡಿದ್ದೆವು.

ಎರಡು ವರ್ಷ ಹುಡುಗಿ ತಲೆ ಎತ್ತದೆ ಓದಿದಳು. ಎಲ್ಲದರಲ್ಲೂ ಎ ಗ್ರೇಡು. ಟ್ರಾನ್ಸ್‌ಫರ್ ಅರ್ಜಿ ಹಾಕಿ ನೆಮ್ಮದಿಯಾಗಿದ್ದಳು. ಉತ್ತರ ಬಂದಾಗ ನಾನು ಒಗ್ಗರಣೆ ಹಾಕುತ್ತಿದ್ದೆ. ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಪರದೆಯನ್ನು ನನ್ನತ್ತ ತಿರುಗಿಸಿದಳು. ಸೀಟು ಇಲ್ಲ ಎಂದಿತ್ತು. ಫೋನ್ ಮಾಡಿದರೆ ಯೂನಿವರ್ಸಿಟಿಯ ಹೆಂಗಸು ಸಕ್ಕರೆಯಂಥ ದನಿಯಲ್ಲಿ, ಅಂಕಗಳು ಬಹಳ ಚೆನ್ನಾಗಿವೆ, ಆದರೆ ಫೈಲಿನಲ್ಲಿ ಆ ಪತ್ರವಿಲ್ಲ, ಇರುವ ಸೀಟುಗಳು ಪತ್ರ ಕೊಟ್ಟವರಿಗೆ ಹೋದವು ಎಂದಳು. ಒಂದು ಹಾಳೆ! ಎರಡು ವರ್ಷದ ದುಡಿಮೆಗಿಂತ ಒಂದು ಹಾಳೆ ಹೆಚ್ಚಾಯಿತು. ಅಂಥ ನಿಯಮ ಬರೆದವರ ಮೇಲೂ ನನಗೆ ಮೈ ಉರಿಯುತ್ತದೆ. ಆದರೆ ಆ ಉರಿ ಹೆಚ್ಚು ದೂರ ಹೋಗುವುದಿಲ್ಲ, ತಿರುಗಿ ನನ್ನ ಹತ್ತಿರವೇ ಬರುತ್ತದೆ.

ಆ ಸಂಜೆ ಬೀದಿ ದಾಟಿ ಹೋದೆ. ಅಕ್ಕ ಗ್ಯಾರೇಜಿನಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಪ್ರಿಂಟ್ ಮಾಡಿದ ಯೂನಿವರ್ಸಿಟಿಯ ಉತ್ತರವನ್ನು ಮೇಜಿನ ಮೇಲೆ ಹಾಕಿದೆ. ಅಭ್ಯಾಸಬಲದಿಂದ ಅಡಿಪಟ್ಟಿಗೆ ಕೈ ಚಾಚಿದವರು, ಮೊದಲ ಸಾಲು ಓದಿ ಕೈ ಹಿಂದಕ್ಕೆ ತೆಗೆದುಕೊಂಡರು.

"ಅಕ್ಕಾ, ನಿಮಗೆ ಗೊತ್ತಿತ್ತಾ, ನನ್ನ ಮಗಳು ನಿಮ್ಮ ಕಾಲೇಜಲ್ಲೇ ಓದ್ತಿದ್ಲು ಅಂತ?"

"ಗೊತ್ತಿತ್ತು. ಮೊದಲನೇ ತಿಂಗಳದಾಗ ಕಾರಿಡಾರ್‌ನ್ಯಾಗ ಕಂಡ್ಲು. ನನ್ನ ನೋಡಿದಾಕಿ ತಿರುಗಿ ಓಡಿಬಿಟ್ಲು. ಆ ಸ್ಟಾಪ್ ಬೋರ್ಡ್ ಕಡೆ ಕಾರ್ ನಿಲ್ಲಿಸಿ ಕಾರ್ಡ್ ತಗಿಯೂದನ್ನೂ ನೋಡೀನಿ. ನೀವು ಮುಚ್ಚಿಡಾಕತ್ತೀರಿ ಅಂತ ತಿಳೀತು."

ನಾನು ಕೂಗಿದೆ. ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. "ಗೊತ್ತಿದ್ದೂ ಸುಮ್ನಿದ್ರಾ? ಊರೋರ ಮಕ್ಕಳಿಗೆಲ್ಲಾ ಪಟ್ಟಿ ಇಟ್ಟು ಓದಿಸ್ತೀರಿ. ನನ್ನ ಮಗಳಿಗೆ ಒಂದು ಮಾತು ಹೇಳೋಕೆ ನಿಮಗೆ ಬಾಯಿ ಬರ್ಲಿಲ್ವಾ?"

ಅವರ ಮುಖವೂ ಕೆಂಪಾಯಿತು. ಆದರೆ ದನಿ ಏರಲಿಲ್ಲ. "ದೀಪಾವಳಿಗೆ ಕರ್ಚಿಕಾಯಿ ಕೊಟ್ಟಿದ್ನೆಲ್ಲ, ಮೊದಲನೇ ವರ್ಷ? ಆ ಚೀಲದಾಗ, ಡಬ್ಬಿ ಕೆಳಗ ಲಕೋಟಿ ಇಟ್ಟಿದ್ದೆ. ಫಾರ್ಮು, ಕಡೀ ತಾರೀಖು, ಎಲ್ಲಿ ಸಹಿ ಮಾಡಬೇಕು ಅಂತ ಪೆನ್ಸಿಲ್‌ಲೆ ಗುರುತು ಸುದ್ದಾ ಹಾಕಿದ್ದೆ. ಡಬ್ಬಿ ತುಂಬಿ ವಾಪಸ್ ಬಂತು. ಮುಟ್ಟೇತಿ, ಆದರ ಮಾತಾಡೂದು ಬ್ಯಾಡ ಅಂತೀರಿ ಅಂದ್ಕೊಂಡೆ. ನನ್ನ ಮುಂದ ಬರಾಕ ಸಂಕೋಚ, ಬ್ಯಾರೆ ಕ್ಯಾಂಪಸ್‌ನ್ಯಾಗ ಕೊಟ್ಟಿರಬೇಕು ಅಂದ್ಕೊಂಡೆ."

ಲಕೋಟೆ...

ನನಗೆ ತಕ್ಷಣ ನೆನಪಾಯಿತು. ಅಂದು ಲಕ್ಷ್ಮೀಪೂಜೆ, ಮನೆ ತುಂಬ ನೆಂಟರು, ಸ್ನೇಹಿತರು. ಚೀಲದಿಂದ ಡಬ್ಬಿ ತೆಗೆದಾಗ ತಳದಲ್ಲಿ ಕಂದು ಲಕೋಟೆ ಕಂಡಿತ್ತು. ಮೂಲೆಯಲ್ಲಿ ಕಾಲೇಜಿನ ಮುದ್ರೆ. ನನ್ನನ್ನು ಚುಚ್ಚುವುದಕ್ಕೇ ಕಳಿಸಿದ್ದಾರೆ, "ನನಗೆ ಎಲ್ಲ ಗೊತ್ತಿದೆ" ಎಂದು ತೋರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಒಡೆದು ನೋಡಲೂ ಇಲ್ಲ. ಯಾರಾದರೂ ನೋಡಿಯಾರೆಂದು ರೀಸೈಕ್ಲಿಂಗ್ ಡಬ್ಬದಲ್ಲಿ ಪಿಜ್ಜಾ ಪೆಟ್ಟಿಗೆಗಳ ಅಡಿಗೆ ತಳ್ಳಿದೆ. ಮೂರು ದಿನ ಬಿಟ್ಟು, ಬರಿ ಡಬ್ಬಿ ಹಿಂದಿರುಗಿಸಬಾರದಲ್ಲ, ಕೊಬ್ಬರಿ ಮಿಠಾಯಿ ತುಂಬಿ ಕಳಿಸಿದೆ. ಕೋಪದಲ್ಲೂ ಪದ್ಧತಿ ಬಿಡಲಿಲ್ಲ. ಆ ಮಿಠಾಯಿಯನ್ನೇ ಅವರು ನನ್ನ ಉತ್ತರ ಎಂದು ತಿಳಿದರು. ಆಕೆ ನಮ್ಮ ಮರ್ಯಾದೆ ಉಳಿಸಲು ಲಕೋಟೆಯನ್ನು ಮರೆಯಲ್ಲಿಟ್ಟರು, ನಾನು ಅದೇ ಮರ್ಯಾದೆಗಾಗಿ ಕಸಕ್ಕೆ ಹಾಕಿದೆ. ಬೆಂಕಿ ಬೀಳಲಿ ಅಂಥ ಮರ್ಯಾದೆಗೆ.

ಆಗಲಾದರೂ ಒಪ್ಪಿಕೊಳ್ಳಬಹುದಿತ್ತು. ನನ್ನ ಬಾಯಿಂದ ಬಂದದ್ದು ಇದು: "ಯಾವ ಲಕೋಟೆ? ಚೀಲದಲ್ಲಿ ಡಬ್ಬಿ ಒಂದೇ ಇತ್ತು."

ಅವರು ನನ್ನ ಮುಖವನ್ನೇ ನೋಡಿದರು. ಸುಲಿದ ಬೆಳ್ಳುಳ್ಳಿ ಎಸಳನ್ನು ಬಟ್ಟಲಿಗೆ ಹಾಕಿದರು. "ಹೌದೇನು? ಹಂಗಾರ ನಾನ ಇಡೂದು ಮರತಿರಬೇಕು. ವಯಸ್ಸಾತು ನೋಡ್ರಿ."

ಇಪ್ಪತ್ತು ವರ್ಷದ ಹಿಂದಿನ ವಿದ್ಯಾರ್ಥಿಯ ಹೆಸರು, ಊರು, ಅಂಕ ಹೇಳುತ್ತಿದ್ದ ಹೆಂಗಸು ಅವರು. ಮರೆಯುವ ಪೈಕಿ ಅಲ್ಲ. ನನ್ನ ಸುಳ್ಳು ಗೊತ್ತಾಗಿಯೇ ತಪ್ಪನ್ನು ತಮ್ಮ ತಲೆಗೆ ಕಟ್ಟಿಕೊಂಡರು. ನನಗೆ ಅವರ ಮೇಲೆ ಇಂದಿಗೂ ಸಿಟ್ಟಿದ್ದರೆ ಅದೊಂದಕ್ಕೆ. ಬಯ್ಯಬೇಕಿತ್ತು. ಸುಳ್ಳುಬುರುಕಿ ಅನ್ನಬೇಕಿತ್ತು. ಕಸದ ಡಬ್ಬಕ್ಕೆ ಜಗಳ ಆಡುವವರು ಇದಕ್ಕೆ ಯಾಕೆ ಆಡಲಿಲ್ಲ?

ಮನೆಗೆ ಬಂದು ಮಗಳಿಗೆ ಹೇಳಿದ್ದು ಅರ್ಧ ಮಾತ್ರ. "ಆಂಟಿಗೆ ಮೊದಲಿನಿಂದ ಗೊತ್ತಿತ್ತಂತೆ. ಹೇಳ್ಲಿಲ್ಲ."

"ಶೀ ನ್ಯೂ?" ಎಂದಳು. ಮಹಡಿ ಹತ್ತಿ ಹೋದಳು.

ಆ ಬೇಸಿಗೆಯಲ್ಲೇ ಅಕ್ಕ ನಿವೃತ್ತರಾಗಿ ಅಟ್ಲಾಂಟಾದಲ್ಲಿದ್ದ ಮಗಳ ಮನೆಗೆ ಹೊರಟರು. ಬೀದಿಯವರೆಲ್ಲ ಹೊರಗೆ ಬಂದು ಬೀಳ್ಕೊಟ್ಟೆವು. ನನ್ನ ಮಗಳು ಇಳಿದು ಬರಲಿಲ್ಲ. ಅಕ್ಕ ನಮ್ಮ ಮಹಡಿಯ ಕಿಟಕಿಯತ್ತ ಒಮ್ಮೆ ನೋಡಿ, "ಅಕಿಗೆ ಕೇಳಿದೆ ಅಂತ ಹೇಳ್ರಿ," ಎಂದು ಕಾರು ಹತ್ತಿದರು. ಮಗಳು ಆಗಸ್ಟಿನಲ್ಲಿ ನಾರ್ತ್ ಕ್ಯಾರೊಲೈನಾದ ಒಂದು ಯೂನಿವರ್ಸಿಟಿಗೆ ಹೋದಳು, ಸೀಟು ಸಿಕ್ಕ ಬೇರೆ ವಿಷಯಕ್ಕೆ. ಓದು ಮುಗಿಸಿ ಈಗ ರಾಲಿಯಲ್ಲಿ ಒಂದು ವಿಮೆ ಕಂಪನಿಯಲ್ಲಿದ್ದಾಳೆ. ಕೆಲಸ ಚೆನ್ನಾಗಿದೆ ಎನ್ನುತ್ತಾಳೆ. ಸೇತುವೆಗಳ ಮಾತೆತ್ತುವುದಿಲ್ಲ.

ಹೋದ ಚಳಿಗಾಲ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ಅಕ್ಕ ಅಟ್ಲಾಂಟಾದಲ್ಲಿ ತೀರಿಕೊಂಡರು, ಹೃದಯಾಘಾತ. ಒಂದರ ಕೆಳಗೊಂದು ಕೈ ಮುಗಿದ ಚಿತ್ರಗಳು. ನಾನೂ "ಓಂ ಶಾಂತಿ" ಎಂದು ಒತ್ತಿ ಫೋನು ಕೆಳಗಿಟ್ಟು ಅಕ್ಕಿ ತೊಳೆದೆ. ಅಷ್ಟೇ ಮಾಡಿದೆ ಅವರಿಗೆ.

ಶನಿವಾರ ಆ ಪರ್ಮಿಟ್ಟು ಸಿಕ್ಕ ಮೇಲೆ ತಡೆದುಕೊಳ್ಳಲು ಆಗಲಿಲ್ಲ. ಕಾರಿನಲ್ಲಿ ಕೂತೇ ಮಗಳಿಗೆ ಫೋನು ಮಾಡಿ ಹೇಳಿದೆ. ಲಕೋಟೆ, ಪಿಜ್ಜಾ ಪೆಟ್ಟಿಗೆ, ಕೊಬ್ಬರಿ ಮಿಠಾಯಿ, ಗ್ಯಾರೇಜಿನಲ್ಲಿ ನಾನು ಹೇಳಿದ ಸುಳ್ಳು, ಎಲ್ಲ. ಅವಳು ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತೇನೋ...

"ಅಮ್ಮಾ," ಎಂದಳು ಕೊನೆಗೆ, ತನ್ನ ತೊದಲು ಕನ್ನಡದಲ್ಲಿ. "ನಾನು ಆಂಟಿ ಮೇಲೆ ಕೋಪ ಮಾಡ್ಕೊಂಡೆ. ಆಲ್ ದೀಸ್ ಇಯರ್ಸ್. ಬೈ ಕೂಡ ಹೇಳಿಲ್ಲ." ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. "ಆಂಟಿ ನಂಬರ್ ಕಳ್ಸು. ನಾನೇ ಕಾಲ್ ಮಾಡಿ ಸಾರಿ ಹೇಳ್ತೀನಿ."

ಪರ್ಮಿಟ್ಟು ಇನ್ನೂ ನನ್ನ ಕೈಯಲ್ಲೇ ಇತ್ತು. ಅಟ್ಲಾಂಟಾದ ಸುದ್ದಿಯನ್ನು ನಾನು ಅವಳಿಂದ ಮುಚ್ಚಿಟ್ಟು ಏಳು ತಿಂಗಳಾಗಿತ್ತು.