ಕೆಲಸವಿಲ್ಲದ ಸಾಲುಗಳು

ಎರಡು ಸಾವಿರದ ದಶಕದ ಆರಂಭದಲ್ಲಿ ನಾನು ಬೆಂಗಳೂರಿನ ಇಂದಿರಾನಗರದ ಒಂದು ಸಣ್ಣ ಕಂಪನಿಯಲ್ಲಿ ಪ್ರೋಗ್ರಾಮರ್ ಆಗಿದ್ದೆ. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಗೆ ಜೋತುಬಿದ್ದು ಬಂದು ಕುರ್ಚಿಯಲ್ಲಿ ಕೂರುವಷ್ಟರಲ್ಲೇ ಅರ್ಧ ಜೀವ ಹೋಗಿರುತ್ತಿತ್ತು.

ನನ್ನ ಪಾಲಿಗೆ ಬಂದದ್ದು ರಕ್ತಪರೀಕ್ಷೆಯ ವರದಿ ಮುದ್ರಿಸುವ ಸಾಫ್ಟ್‌ವೇರ್. ಅದರಲ್ಲಿ ಕೆಲವು ರೋಗಿಗಳ ವಯಸ್ಸು ತಪ್ಪಾಗಿ ಬರುತ್ತಿತ್ತು. ವಯಸ್ಸು ಲೆಕ್ಕ ಹಾಕುವ ಕೋಡನ್ನು ಹುಡುಕಿ ತಿದ್ದಿದೆ, ವರದಿ ಬದಲಾಗಲಿಲ್ಲ. ಮತ್ತೆ ತಿದ್ದಿದೆ. ವಾರವಿಡೀ ಹೆಣಗಿದ ಮೇಲೆ ಗೊತ್ತಾಯಿತು, ಆ ಭಾಗವನ್ನು ಪ್ರೋಗ್ರಾಂ ಬಳಸುವುದನ್ನೇ ಬಿಟ್ಟು ವರ್ಷಗಳಾಗಿದ್ದವು. ನಿಜವಾದ ಲೆಕ್ಕ ಬೇರೆಲ್ಲೋ ನಡೆಯುತ್ತಿತ್ತು. ಅಲ್ಲಿ ಒಂದೇ ಸಾಲು ಸರಿಪಡಿಸಿದೆ. ಖುಷಿಯೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಮೇಜಿಗೆ ತಲೆಯಾನಿಸಿ ಕೂತೆ.

ಅದನ್ನೆಲ್ಲ ಮೊದಲು ಬರೆದವರು ಪಕ್ಕದ ಮೇಜಿನ ಹಿರಿಯರು, ಹಲಸೂರಿನವರು.

"ಸಾರ್, ಉಪಯೋಗಕ್ಕೆ ಬರದೇ ಇರೋದನ್ನೆಲ್ಲ ತೆಗೆದ್ಬಿಡ್ಲಾ?" ಎಂದೆ.

"ಇರ್ಲಿ ಬಿಡ್ರೀ. ಅದೇನು ಅನ್ನ ಕೇಳುತ್ತಾ? ಯಾವತ್ತಾದ್ರೂ ಬೇಕಾಗುತ್ತೆ."

"ನನ್ನ ಒಂದು ವಾರ ತಿಂತಲ್ಲ ಸಾರ್."

ಅವರು ಕುರ್ಚಿ ಎಳೆದುಕೊಂಡು ಬಂದು, "ತೋರ್ಸಿ" ಎಂದರು.

ಹಳೆಯದರ ಒಂದು ಪ್ರತಿಯನ್ನು ಸಿಡಿಗೆ ಹಾಕಿಟ್ಟು, ದಿನಾ ಊಟವಾದ ಮೇಲೆ ಇಬ್ಬರೂ ಕೂರತೊಡಗಿದೆವು. ಒಂದಿಷ್ಟು ಅಳಿಸುವುದು, ವರದಿ ಮುದ್ರಿಸಿ ನೋಡುವುದು, ಮತ್ತೆ ಅಳಿಸುವುದು. ಒಮ್ಮೆ ಬೇಕಾದದ್ದನ್ನೇ ಅಳಿಸಿ, ಪುನಃ ತಂದು ಸೇರಿಸಿದೆವು. ಬೇಸರದ ಕೆಲಸ. ಒಂದು ಕಡೆ ಅವರ ಕೈ ನಿಂತಿತು.

"ಇದು ಶಿವಾಜಿನಗರದ ಡಾಕ್ಟರೊಬ್ಬರು ಉರ್ದುವಲ್ಲೂ ವರದಿ ಬೇಕು ಅಂದಿದ್ರು ಅಂತ ಬರ್ದಿದ್ದು. ತುಂಬ ಕಷ್ಟಪಟ್ಟಿದ್ದೆ. ಅಷ್ಟರಲ್ಲಿ ಕ್ಲಿನಿಕ್ಕೇ ಮುಚ್ಚೋಯ್ತು."

"ಬೇಕಾದ್ರೆ ಇರ್ಲಿ ಸಾರ್."

"ಬೇಡ. ಇದನ್ನ ಯಾರೂ ಓದಲ್ಲ, ಓದಿದ್ರೆ ದಾರಿ ತಪ್ತಾರೆ," ಎಂದು ತಾವೇ ಅಳಿಸಿದರು. ಆ ದಿನ ಬೇಗ ಮನೆಗೆ ಹೋದರು.

ತಿಂಗಳ ಕೊನೆಗೆ ಮ್ಯಾನೇಜರ್ ಕೇಳಿದರು: "ಹೊಸದಾಗಿ ಏನ್ ಮಾಡಿದ್ರಿ?"

"ಹೊಸದೇನಿಲ್ಲ ಸಾರ್. ಹಳೇದು ತೆಗೆದ್ವಿ."

ಅವರ ಮುಖ ನೋಡಿ ವಿವರಿಸುವ ಉಮೇದು ಉಳಿಯಲಿಲ್ಲ.

ಆಮೇಲೆ ಬೀದರಿನ ಹುಡುಗಿಯೊಬ್ಬಳು ಕೆಲಸಕ್ಕೆ ಸೇರಿದಳು. ವರದಿಯಲ್ಲಿ ಹೊಸ ಪರೀಕ್ಷೆಯೊಂದನ್ನು ಸೇರಿಸಲು ಹೇಳಿದೆ. ನನ್ನನ್ನು ಏನೂ ಕೇಳದೆ ಊಟದ ಹೊತ್ತಿಗೆ ಮುಗಿಸಿ ತಂದಳು.

"ಕಷ್ಟ ಆಯ್ತಾ?" ಎಂದೆ.

"ಇಲ್ರೀ ಮೇಡಂ. ಎಲ್ಲಾ ಒಂದs ಕಡೆ ಐತಲ್ರೀ."

ಹಿರಿಯರು ತಲೆಯೆತ್ತಿ ನನ್ನ ಕಡೆ ನೋಡಿದರು, ಮತ್ತೆ ತಮ್ಮ ಕೆಲಸಕ್ಕೆ ತಿರುಗಿದರು.