ಸೊನ್ನೆಯಿಂದ ಎಣಿಸಿದ ಅಕ್ಕ

ಕಡು ಬೇಸಿಗೆಯ ಮಧ್ಯಾಹ್ನ, ಊಟ ಮುಗಿದು ಆಸ್ಪತ್ರೆಯ ಓಣಿಗಳೆಲ್ಲ ತೂಕಡಿಸುತ್ತಿದ್ದ ಹೊತ್ತಿನಲ್ಲಿ, ನೆಲಮಾಳಿಗೆಯ ತಂಪು ಕೋಣೆಗೆ ಒಬ್ಬ ಹೆಣ್ಣುಮಗಳು ಬಂದರು. ಕುರ್ಚಿ ಹುಡುಕಲಿಲ್ಲ. ಕಂಪ್ಯೂಟರ್ ಡಿಸ್ಕುಗಳ ಪೆಟ್ಟಿಗೆಗೆ ಕಿವಿಗೊಟ್ಟು, "ಇದರಲ್ಲಿ ಒಂದು ಸಾಯೋಕೆ ಹೊರಟಿದೆ" ಎಂದರು. ವಾರದೊಳಗೆ ಅದು ಸತ್ತಿತು.

ರೋಗಿಗಳ ಎಕ್ಸ್-ರೇ, ಸ್ಕ್ಯಾನ್ ಚಿತ್ರಗಳನ್ನು ಕಾಯುವ ಕೆಲಸದಲ್ಲಿ ಪದವಿ ಪಡೆದವರು ಬಹಳ ಮಂದಿ. ಆದರೆ ಹುಟ್ಟಿದ ಡಿಸ್ಕು ಸಾಯಲೇಬೇಕೆಂದು ಒಪ್ಪಿಕೊಂಡು, ಅದು ಸತ್ತರೂ ಅದರ ಹೊಟ್ಟೆಯೊಳಗಿನದು ಉಳಿಯುವಂತೆ ನೋಡಿಕೊಳ್ಳುವುದನ್ನೇ ಜೀವಮಾನದ ವ್ರತ ಮಾಡಿಕೊಂಡವರಲ್ಲಿ, ನಾವೆಲ್ಲ ಡಿಸ್ಕಕ್ಕ ಎಂದು ಕರೆಯುವ ಈ ಮಾನ್ಯರು ಮೊದಲ ಸಾಲಿನವರು.

ನಾನು ಆ ಕೋಣೆಯ ಎ.ಸಿ. ನೋಡಿಕೊಳ್ಳುತ್ತಿದ್ದವನು. ಎರಡನೇ ಕ್ಲಾಸು ದಾಟಿಲ್ಲ. ವಯಸ್ಸಿನಲ್ಲಿ ಹಿರಿಯನಾದರೂ ಅವರನ್ನು ಅಕ್ಕ ಎಂದೆ, ಅವರು ನನ್ನನ್ನು ಅಣ್ಣ ಎಂದರು, ಅಲ್ಲಿಗೆ ಸರಿಹೋಯಿತು. ಅಕ್ಕನ ಈ ಅಭಿನಂದನಾ ಸಂಚಿಕೆಯಲ್ಲಿ ಡಾಕ್ಟರುಗಳ ಲೇಖನಗಳ ನಡುವೆ ಇವನದೇನು ಎಂದು ಮೂಗು ಮುರಿಯುವವರು ಮುರಿಯಲಿ. ಅವರು ಬರೆಯಲು ಅಂಜುವ ಒಂದು ಸಂಗತಿ ನನ್ನ ಬಳಿ ಇದೆ.

ಅದಕ್ಕೆ ಮೊದಲು, ಪೆಟ್ಟಿಗೆಯ ಗುಟ್ಟನ್ನು ಅಕ್ಕ ನನಗೆ ತಿಳಿಸಿದ ಬಗೆ ಹೇಳಬೇಕು. ಚಹಾ ಕುಡಿದಿಟ್ಟ ನಾಲ್ಕು ಲೋಟಗಳನ್ನು ಸಾಲಾಗಿಟ್ಟು, ಮನಸ್ಸಿಗೆ ಬಂದಂತೆ ಕೆಲವನ್ನು ಬೋರಲು ಹಾಕಿದರು. "ಬೋರಲು ಬಿದ್ದಿರೋವು ಯಾವಾಗಲೂ ಜೋಡಿ ಜೋಡಿ ಇರಬೇಕು, ಅದಕ್ಕೆ ತಕ್ಕ ಹಾಗೆ ಐದನೇದನ್ನ ಇಡ್ತೀನಿ" ಎಂದು ಇಟ್ಟರು. ನಾನು ಆಚೆ ತಿರುಗಿದಾಗ ಒಂದನ್ನು ಬಚ್ಚಿಟ್ಟು, "ಅದು ಹೇಗಿತ್ತು, ಹೇಳಿ ನೋಡೋಣ" ಎಂದರು. ನೋಡಿದೆ, ಒಂದೇ ಬೋರಲು. ಜೋಡಿಯಾಗಬೇಕಾದರೆ ಕಾಣೆಯಾದದ್ದೂ ಬೋರಲೇ!

"ಈ ಐದು ಡಿಸ್ಕೂ ಹಾಗೇ ಅಣ್ಣಾ. ಒಂದು ಸತ್ತರೆ ಉಳಿದ ನಾಲ್ಕೂ ಸೇರಿ ಅದರ ಮಾತು ಹೇಳ್ತವೆ."

"ಎರಡು ಹೋದರೆ?"

"ನೀವೂ ನಾನೂ ಇಲ್ಲೇ ಕೂತು ಅಳೋದು."

ಒಂದೇ ಡಬ್ಬದಲ್ಲಿ ಬಂದ ಡಿಸ್ಕುಗಳನ್ನು ಅವರು ಒಟ್ಟಿಗೆ ಹಾಕುತ್ತಿರಲಿಲ್ಲ. ಒಟ್ಟಿಗೆ ಹುಟ್ಟಿದವು ಒಟ್ಟಿಗೇ ಹೊರಡುತ್ತವೆ ಎಂಬ ಗುಮಾನಿ. ಆ ಚಳಿಯಲ್ಲಿ ಕೆಲಸ ಮಾಡುವ ನನಗೆ ಸ್ವೆಟರ್ ಕೊಡಿಸಿ ಎಂದು ಕಚೇರಿಗೆ ಬರೆದು ಬರೆದು ಸೋತು, ಕೊನೆಗೆ ತಮ್ಮ ಒಡಹುಟ್ಟಿದ ಅಣ್ಣನ ಉಣ್ಣೆಯ ಕೋಟನ್ನೇ ತಂದುಕೊಟ್ಟರು. ತೋಳು ಉದ್ದವಾಯಿತೆಂದು ತಾವೇ ಮಡಿಸಿ ಹೊಲಿದರು.

ಇನ್ನು ಆ ಸಂಗತಿ. ಒಂದು ಬೆಳಿಗ್ಗೆ ಪೆಟ್ಟಿಗೆ ಕಿರುಚಿಕೊಂಡಿತು. ಡಿಸ್ಕೊಂದು ಸತ್ತಿತ್ತು, ಸತ್ತದ್ದು ಯಾವುದೆಂದು ತೋರಿಸಬೇಕಾದ ಅದರ ಕೆಂಪು ದೀಪವೂ ಕೈಕೊಟ್ಟಿತ್ತು. ಪರದೆಯ ಮೇಲೆ ಮಾತ್ರ 'ಮೂರು' ಎಂದು ಬರುತ್ತಿತ್ತು. ಆ ದಿನ ಹೊರಗಿನ ಅತಿಥಿಗಳು ಬರುವವರಿದ್ದರು. ಆ ಕಿರುಚಾಟ ಅವರ ಕಿವಿಗೆ ಬೀಳಬಾರದೆಂದು ಆಸ್ಪತ್ರೆಯ ಅಧೀಕ್ಷಕರು ಧಾವಿಸಿ ಬಂದು, ಮೂರನೆಯ ಡಿಸ್ಕಿನ ಹಿಡಿಗೆ ಕೈ ಹಾಕಿದರು. ಅಕ್ಕ ಅಡ್ಡ ನಿಂತರು.

"ಸಾರ್, ಇಲ್ಲಿ ಎಣಿಕೆ ಸೊನ್ನೆಯಿಂದ. ಮೂರು ಅಂದರೆ ನಾಲ್ಕನೇದು. ನೀವು ಹಿಡಿದಿರೋದು ಬದುಕಿರೋ ಡಿಸ್ಕು."

"ಸೊನ್ನೆ ನಂಬರಿನ ಮನೆ ಯಾವ ಬೀದೀಲಿದೆಯಮ್ಮಾ?"

"ಈ ಬೀದೀಲಿದೆ. ಮೇಲೆ ಒಂದು ಮಗುವಿನ ತಲೆ ಆಪರೇಷನ್ ನಡೀತಿದೆ. ಡಾಕ್ಟರು ನೋಡ್ತಿರೋ ಚಿತ್ರ ಉಳಿದಿರೋ ಈ ನಾಲ್ಕು ಡಿಸ್ಕಿಂದಲೇ ಹೋಗ್ತಿದೆ. ಇನ್ನೊಂದು ಎಳೆದರೆ ಅವರ ಮುಂದೆ ಕತ್ತಲೆ."

"ಇದು ನನ್ನ ಆರ್ಡರ್!"

"ಬರೆದುಕೊಟ್ಟರೂ ಬಿಡಲ್ಲ, ಸಾರ್."

ಹಾಗೆಂದು ಅಕ್ಕ ಅಧೀಕ್ಷಕರ ಬೆರಳುಗಳನ್ನು ಒಂದೊಂದಾಗಿ ಹಿಡಿಯಿಂದ ಬಿಡಿಸಿದರು. ನಾಲ್ಕನೆಯದನ್ನು ಎಳೆದು, ಬೇರೆ ಡಬ್ಬದ ಹೊಸದನ್ನು ಕೂರಿಸಿದರು. ಸತ್ತ ಡಿಸ್ಕಿನೊಳಗಿನದನ್ನೆಲ್ಲ ಉಳಿದವು ಹೊಸದಕ್ಕೆ ಹೇಳಿಕೊಡುವವರೆಗೆ ಊಟಕ್ಕೂ ಏಳದೆ ಪೆಟ್ಟಿಗೆಯ ಮುಂದೆ ಕೂತರು. ಮೇಲೆ ಚಿತ್ರ ತುಸು ನಿಧಾನವಾಯಿತಂತೆ, ನಿಲ್ಲಲಿಲ್ಲ. ಮಗು ಕಣ್ಣು ಬಿಟ್ಟಿತು.

ಅಕ್ಕನಿಗೆ ಸಿಕ್ಕ ಬಹುಮಾನವೆಂದರೆ, ಮೇಲಧಿಕಾರಿಯ ಮೈ ಮುಟ್ಟಿದರು, ಎದುರುತ್ತರ ಕೊಟ್ಟರು ಎಂಬ ಆಪಾದನೆ. ಬಡ್ತಿ ನಿಂತಿತು. ಕ್ಷಮೆ ಬರೆದುಕೊಟ್ಟರೆ ಆಪಾದನೆ ಅಳಿಸುತ್ತೇವೆಂದು ಅಧೀಕ್ಷಕರ ಕುರ್ಚಿಯಲ್ಲಿ ಮುಂದೆ ಕೂತವರೆಲ್ಲ ಹೇಳಿದರು. ನಿವೃತ್ತಿಯ ವಾರದಲ್ಲೂ ಹೇಳಿಕಳಿಸಿದರು. ಈಗ ಬರೆದರೂ ಪಿಂಚಣಿ ಹೆಚ್ಚುತ್ತದಂತೆ. ಬೀಳ್ಕೊಡುಗೆಗೆಂದು ಹೋಗಿದ್ದ ನಾನೂ, "ಎರಡು ಸಾಲು ತಾನೇ ಅಕ್ಕಾ, ಗೀಚಿ ಬಿಸಾಕಿ" ಎಂದೆ.

"ನಾನು ತಪ್ಪು ಅಂತ ಬರೆದರೆ, ನಾಳೆ ಈ ಕೋಣೆಗೆ ಬರೋವರು ಹೆದರಿ ಮೂರನೇದನ್ನೇ ಎಳೀತಾರೆ, ಅಣ್ಣಾ" ಎಂದರು.

ಈ ಭಾಗವನ್ನು ಕೈಬಿಡಬೇಕೆಂದು ಸಂಪಾದಕರಿಗೆ ಯಾರಾದರೂ ಹೇಳಿದರೆ, ನನ್ನ ಇಡೀ ಲೇಖನವನ್ನೇ ಕೈಬಿಡಲಿ. ಅಕ್ಕ ಗಟ್ಟಿಮುಟ್ಟಾಗಿ ಬಹುಕಾಲ ಬಾಳಲಿ. ಕರೆದ ಕಡೆಗೆಲ್ಲ ಹೋಗಿ ಎಳೆಯರಿಗೆ ಕಲಿಸಲಿ. ಎದುರುತ್ತರ ಕೊಡುವ ನಾಲಗೆ ಎಂದಿಗೂ ಮೆತ್ತಗಾಗದಿರಲಿ.

ಕ್ಷಮೆಯ ಒಂದಕ್ಷರವನ್ನೂ ಬರೆಯದೆ, ಬಂದಾಗಿನ ಹುದ್ದೆಯಲ್ಲೇ, ಕೋಣೆಯ ಬೀಗದ ಕೈಯನ್ನು ಮುಂದಿನವರ ಅಂಗೈಗಿಟ್ಟು, ಡಿಸ್ಕಕ್ಕ ಶನಿವಾರ ಹೊರಟರು.